ಗಾಜಿನೊಳಗಿನ ನಿವೃತ್ತಿ ಆದೇಶ

ಹಿರಿಯ ನಾಗರಿಕರ ಆರೋಗ್ಯ ವಿಮೆಯ ಕ್ಷೇತ್ರದಲ್ಲಿ ಯೋಜನೆಯನ್ನು ರೂಪಿಸಿದವರಿದ್ದಾರೆ, ಉದ್ಘಾಟಿಸಿದವರಿದ್ದಾರೆ, ಅದರ ಮೇಲೆ ಉಪನ್ಯಾಸ ಕೊಟ್ಟು ಹೂಗುಚ್ಛ ಪಡೆದವರಂತೂ ಬೇಕಾದಷ್ಟು ಮಂದಿ ಇದ್ದಾರೆ. ಆದರೆ ಆ ಯೋಜನೆಯನ್ನು ಮೂರನೆಯ ಕಿಟಕಿಯ ಸಣ್ಣ ಕಂಡಿಯಿಂದ ಒಬ್ಬೊಬ್ಬ ಮುದುಕನ, ಒಬ್ಬೊಬ್ಬ ಮುದುಕಿಯ ಕೈಗೆ ನಿಜವಾಗಿ ಮುಟ್ಟಿಸಿದವರು ಯಾರೆಂದು ಕೇಳಿದರೆ ಕಚೇರಿಯ ಒಳಗಿನವರೂ ಹೊರಗಿನವರೂ ಕಿಟಕಿ ಅಕ್ಕನತ್ತಲೇ ಬೆರಳು ತೋರಿಸುತ್ತಾರೆ. ಅಂಥವರನ್ನು ಅಭಿನಂದಿಸಲು ಹೊರಟ ನಾವು, ಆ ಅಭಿನಂದನೆಯಿಂದಲೇ ಅವರನ್ನು ಹೇಗೆ ಗೋಳು ಹೊಯ್ದುಕೊಂಡೆವು ಎಂಬುದನ್ನು ಈ ಅಭಿನಂದನ ಸಂಪುಟದಲ್ಲಿ ಯಾರಾದರೂ ಬರೆಯಲೇಬೇಕು. ಹೊಗಳಿಕೆಗೆ ಉಳಿದ ಲೇಖನಗಳಿವೆ.

ಅಕ್ಕನವರು ಸೇವೆಗೆ ಸೇರಿದಾಗ ನಮ್ಮ ಕಚೇರಿಯಲ್ಲಿ ಒಂದು ಸಂಪ್ರದಾಯವಿತ್ತು. ಅರ್ಜಿ ಹಿಡಿದು ಬಂದವರಿಗೆ ಒಂದು ಸಲಕ್ಕೆ ಒಂದೇ ಕೊರತೆ ಹೇಳುವುದು. ಇವತ್ತು ವಯಸ್ಸಿನ ದಾಖಲೆ ಇಲ್ಲ, ಹೋಗಿ ಬನ್ನಿ. ತಂದರೆ, ಆದಾಯದ ಪತ್ರ ಎಲ್ಲಿ, ಹೋಗಿ ಬನ್ನಿ. ಅದನ್ನೂ ತಂದರೆ ಫೋಟೋದಲ್ಲಿ ಕಿವಿ ಕಾಣುತ್ತಿಲ್ಲ. ದೇವರು ಕೊಟ್ಟರೂ ಪೂಜಾರಿ ಕೊಡ ಎಂಬ ಗಾದೆಗೆ ನಮ್ಮ ಕಚೇರಿಗಿಂತ ಒಳ್ಳೆಯ ಉದಾಹರಣೆ ಇರಲಿಲ್ಲ. ಅಕ್ಕನವರು ಮೊದಲ ವಾರದಲ್ಲೇ ತಮ್ಮ ಪಕ್ಕದ ಕುರ್ಚಿಯೊಂದನ್ನು ಎತ್ತಿ ಕಿಟಕಿಯ ಹೊರಗೆ ಹಾಕಿಸಿದರು. "ಕೂತ್ಕೊಳ್ಳಿ, ಒಂದೇ ಸಲ ಎಲ್ಲಾ ಹೇಳ್ಬಿಡ್ತೀನಿ" ಎಂಬುದು ಅಂದಿನಿಂದ ಅವರ ಬಾಯಿಪಾಠ.

ಕಿವಿ ಮಂದವಾಗಿದ್ದ ದರ್ಜಿಯೊಬ್ಬರು ವಿಮೆಗೆ ಅರ್ಜಿ ತುಂಬಿ, ಚಿಕಿತ್ಸೆಯ ವೆಚ್ಚಕ್ಕೆ ಸರ್ಕಾರ ಕೊಡುವ ಸಹಾಯಧನದ ಪುಟವನ್ನು ಮಾತ್ರ ಖಾಲಿ ಬಿಟ್ಟಿದ್ದರು. ಜೀವನವಿಡೀ ಹೊಲಿದು ತಿಂದವನು ಈಗ ಕೈಯೊಡ್ಡಲೇ ಎಂಬ ಅಭಿಮಾನ. ಅಕ್ಕನವರು ಒಳಗಿನಿಂದ ಎದ್ದು ಹೊರಗೆ ಬಂದು, ಅವರ ಪಕ್ಕದಲ್ಲಿ ಕುಕ್ಕರುಗಾಲಲ್ಲಿ ಕುಳಿತು ಕಿವಿಯ ಹತ್ತಿರ ಹೇಳಿದರು: "ಇದು ಭಿಕ್ಷೆ ಅಲ್ಲ ಅಣ್ಣ. ಇಷ್ಟು ವರ್ಷ ತೆರಿಗೆ ಕಟ್ಟಿದೀರಲ್ಲ, ನಿಮ್ಮ ಬಟ್ಟೆಯಲ್ಲಿ ಉಳಿದ ತುಂಡು ನಿಮಗೇ ವಾಪಸ್ ಬರ್ತಿದೆ." ದರ್ಜಿ ಆ ಪುಟವನ್ನೂ ತುಂಬಿದರು.

ಹೀಗೆ ಊರಿಗೆಲ್ಲ ದಾರಿ ತೋರಿಸಿದವರು ನಿವೃತ್ತರಾದ ದಿನವೇ ದಾರಿಯಲ್ಲಿ ನಿಂತುಬಿಟ್ಟರು. ನಾವೆಲ್ಲ ಭಾವ ಎಂದು ಕರೆಯುವ ಅವರ ಪತಿ ಬಸ್ಸಿನ ಚಾಲಕರಾಗಿದ್ದವರು. ಸೊಂಟದ ಕೀಲು ಸವೆದು ಮನೆಯೊಳಗೇ ಗೋಡೆ ಹಿಡಿದು ನಡೆಯುತ್ತಿದ್ದರು. ಶಸ್ತ್ರಚಿಕಿತ್ಸೆಗೆ ದಿನ ಗೊತ್ತಾಗಿತ್ತು. ಅದು ತಪ್ಪಿದರೆ ಮುಂದಿನ ಸರದಿ ಯಾವಾಗಲೋ, ಅಷ್ಟರಲ್ಲಿ ನಡಿಗೆಯೇ ನಿಲ್ಲಬಹುದು ಎಂದು ವೈದ್ಯರು ಎಚ್ಚರಿಸಿದ್ದರು. ಭಾವನನ್ನೂ ಒಳಗೊಂಡಿದ್ದ ಅಕ್ಕನವರ ನೌಕರರ ವಿಮೆ ನಿವೃತ್ತಿಯ ಸಂಜೆಗೇ ಮುಗಿಯಿತು. ಇಬ್ಬರ ಹೆಸರಲ್ಲೂ ಹಿರಿಯರ ವಿಮೆಗೆ ಅರ್ಜಿ ಹಾಕಲು, ಹಳೆಯ ವಿಮೆ ಮುಗಿದದ್ದಕ್ಕೆ ಪುರಾವೆಯಾಗಿ ಅಕ್ಕನವರ ನಿವೃತ್ತಿ ಆದೇಶ ಬೇಕು. ಆದೇಶಕ್ಕೆ ಸಹಿಯೂ ಬಿದ್ದಿತ್ತು, ಮುದ್ರೆಯೂ ಬಿದ್ದಿತ್ತು. ಆದರೆ ಅದಕ್ಕೆ ಗಾಜಿನ ಚೌಕಟ್ಟು ಹಾಕಿಸಿ, ಸಮಾರಂಭದ ವೇದಿಕೆಯ ಮೇಲೆ ಅಭಿನಂದನ ಸಂಪುಟದೊಡನೆ ಕೈಗಿಡುವುದು ನಮ್ಮ ಕಚೇರಿಯ ಇನ್ನೊಂದು ಘನ ಸಂಪ್ರದಾಯ. ಮುಖ್ಯ ಅತಿಥಿಗಳಿಗೆ ಬಿಡುವಿರಲಿಲ್ಲ, ಸಂಪುಟಕ್ಕೆ ಅರ್ಧದಷ್ಟು ಲೇಖನವೂ ಬಂದಿರಲಿಲ್ಲ. ಸಮಾರಂಭ ಮುಂದಕ್ಕೆ ಹೋಯಿತು, ಆಮೇಲೆ ಇನ್ನೂ ಮುಂದಕ್ಕೆ ಹೋಯಿತು.

ಅಕ್ಕನವರು ಸಾಹೇಬರ ಕೋಣೆಗೆ ಹೋಗಿ ಕೇಳಿದರು. ಚೌಕಟ್ಟು ಅವರ ಬೀರುವಿನ ಮೇಲೇ ಹೊಳೆಯುತ್ತಿತ್ತು.

"ಹೀಗೆ ಸುಮ್ನೆ ಕೈಗೆ ಕೊಟ್ರೆ ನಿಮಗೆ ಅವಮಾನ ಮಾಡಿದ ಹಾಗಾಗುತ್ತೆ ಅಕ್ಕ" ಎಂದರು ಸಾಹೇಬರು, ಮನಃಪೂರ್ವಕವಾಗಿಯೇ.

"ಅವಮಾನ ನಾನು ತಡ್ಕೋತೀನಿ ಸಾರ್. ಅವರ ಸೊಂಟ ತಡ್ಕೊಳ್ಳಲ್ಲ."

ಸಾಹೇಬರು ಚಹಾ ತರಿಸಿದರು. ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ. ಅಕ್ಕನವರು ಚಹಾ ಕುಡಿಯದೆ ಮನೆಗೆ ಬಂದರೆ ಭಾವ ಸಮಾಧಾನ ಹೇಳಿದರು: "ಬಿಡು ಮಾರಾಯ್ತಿ. ಜೀವಮಾನ ಪೂರ್ತಿ ಕೂತ್ಕೊಂಡೇ ಅಲ್ವಾ ಬಸ್ ಓಡಿಸಿದ್ದು, ಇನ್ನು ಮುಂದೂ ಕೂತ್ಕೋತೀನಿ." ಅಕ್ಕನವರಿಗೆ ನಗು ಬರಲಿಲ್ಲ. ಮೈಯೆಲ್ಲ ಉರಿದುಹೋಯಿತು.

ಮರುದಿನ ಬೆಳಿಗ್ಗೆ ಅವರು ಸಾಹೇಬರನ್ನು ಕೋಣೆಯಿಂದ ಹೊರಗೆ, ಮೂರನೆಯ ಕಿಟಕಿಯ ಮುಂದೆಯೇ ಕರೆದರು. "ಸಮಾರಂಭ ತಾನೇ ಬೇಕಾಗಿರೋದು? ಸಭಿಕರಿದಾರೆ, ಕುರ್ಚಿ ಇದೆ. ಇಲ್ಲೇ ಕೊಡಿ." ಸಾಲಿನಲ್ಲಿ ನಿಂತಿದ್ದ ಹಿರಿಯರೆಲ್ಲ ತಿರುಗಿ ಸಾಹೇಬರನ್ನೇ ನೋಡತೊಡಗಿದರು. ಅಷ್ಟು ಕಣ್ಣುಗಳ ಮುಂದೆ ಯಾವ ಸಂಪ್ರದಾಯ ತಾನೇ ನಿಂತೀತು? ಚೌಕಟ್ಟು ಹೊರಗೆ ಬಂತು. ಸಾಹೇಬರು ಅಭ್ಯಾಸಬಲದಿಂದ "ಈ ಶುಭ ಸಂದರ್ಭದಲ್ಲಿ" ಎಂದು ಆರಂಭಿಸಿದ್ದೂ ಉಂಟು. "ಬೇಗ ಮುಗಿಸಿ ಸಾರ್, ಕಿಟಕಿ ಊಟಕ್ಕೆ ಮುಚ್ಚುತ್ತೆ" ಎಂದರು ಊರುಗೋಲಿನ ಅಜ್ಜಿಯೊಬ್ಬರು. ಸಾಲಿಗೆ ಸಾಲೇ ಚಪ್ಪಾಳೆ ತಟ್ಟಿತು.

ಮುಂದೆ ಹೋಗಿ ಎಂದು ಎಲ್ಲರೂ ಜಾಗ ಬಿಟ್ಟರೂ ಅಕ್ಕನವರು ಚೌಕಟ್ಟನ್ನು ಕಂಕುಳಲ್ಲಿಟ್ಟುಕೊಂಡು ಸಾಲಿನ ಕೊನೆಗೇ ಹೋಗಿ ನಿಂತರು. ಸರದಿ ಬಂದಾಗ, ಅವರಿಂದಲೇ ಕೆಲಸ ಕಲಿತ ಗುಮಾಸ್ತೆ ಗಾಜಿನ ಆಚೆಯಿಂದ ಸಂಕೋಚದಲ್ಲಿ ಹೇಳಿದರು: "ಕೂತ್ಕೊಳ್ಳಿ ಅಕ್ಕ, ಒಂದೇ ಸಲ ಎಲ್ಲಾ ಹೇಳ್ಬಿಡ್ತೀನಿ. ಭಾವನ ಫೋಟೋ ಹಳೇದು. ಮತ್ತೆ ಆದೇಶದ ಹಿಂಬದಿ ಮುದ್ರೆ ಕಾಣ್ಬೇಕು."

ಮುದ್ರೆ ಚೌಕಟ್ಟಿನ ಹಲಗೆಯ ಹಿಂದೆ ಭದ್ರವಾಗಿ ಕೂತಿತ್ತು. ಹಿಂಬದಿ ನೋಡದೆ ಯಾರ ಆದೇಶವನ್ನೂ ತಗೋಬೇಡ ಎಂದು ಆಕೆಗೆ ಕಲಿಸಿದವರು ಅಕ್ಕನವರೇ. "ಎಲ್ಲಾ ನನ್ನ ಕರ್ಮ" ಎಂದು ಹಣೆ ಚಚ್ಚಿಕೊಂಡು, ಪಾಠ ಮರೆಯದ ಗುಮಾಸ್ತೆಯನ್ನು ಬೈಯಲೂ ಆಗದೆ, ಅವರು ಕುರ್ಚಿಯಲ್ಲಿ ಕುಳಿತರು. ಅವರೇ ಹಾಕಿಸಿದ ಆ ಕುರ್ಚಿಯ ಒಂದು ಕಾಲು ಗಿಡ್ಡವೆಂದು ಅಂದೇ ಅವರಿಗೆ ತಿಳಿದದ್ದು. ಸಾಲಿನಲ್ಲಿದ್ದ ವೃದ್ಧ ಬಡಗಿಯೊಬ್ಬರು ಮನೆಯ ಕೀಲಿಕೈಯಿಂದಲೇ ಮೊಳೆಗಳನ್ನೆಬ್ಬಿಸಿ ಆದೇಶವನ್ನು ಬಿಡಿಸಿಕೊಟ್ಟರು. ಶಸ್ತ್ರಚಿಕಿತ್ಸೆಯ ಹಿಂದಿನ ದಿನ ಮಂಜೂರಾತಿ ಬಂತು.

ಅಕ್ಕನವರು ಈಗಲೂ ಬೆಳಿಗ್ಗೆ ಬಂದು ಕಿಟಕಿಯ ಹೊರಗೆ ಕುಳಿತು, ಬಂದವರಿಗೆಲ್ಲ ಒಂದೇ ಸಲ ಎಲ್ಲ ಹೇಳಿ ಕಳಿಸುತ್ತಾರೆ. ಅವರ ಆಯಸ್ಸು ನಮ್ಮ ಕಡತಗಳಿಗಿಂತ ದೀರ್ಘವಾಗಿರಲಿ, ಅವರ ದನಿ ಕಿಟಕಿಯ ಎರಡೂ ಬದಿಗೆ ಕೇಳುತ್ತಲೇ ಇರಲಿ. ಈ ಸಂಪುಟವೂ ಕೊನೆಗೆ ಅಚ್ಚಿಗೆ ಹೋಗುತ್ತಿದೆ, ಮುಖ್ಯ ಅತಿಥಿಗಳೂ ಒಪ್ಪಿದ್ದಾರೆ. ಸಭಾಂಗಣದ ವೇದಿಕೆಗೆ ಮೆಟ್ಟಿಲು ಎತ್ತರ, ಕೈಹಿಡಿದು ಹತ್ತಿಸಲು ನಮ್ಮಲ್ಲಿ ಯಾರು ಬರಲಿ ಎಂದು ಕೇಳಿದೆವು.

"ಯಾರೂ ಬೇಡ" ಎಂದರು ಅಕ್ಕನವರು. "ನಮ್ಮೆಜಮಾನ್ರು ಹತ್ತಿಸ್ತಾರೆ."