ತಿಕ್ಕು ಎಂದವನು ನಾನು

ರೇಣುಕಾಳನ್ನು ಕೊಂದದ್ದು ಅವಳ ಅತ್ತೆಯಲ್ಲ, ನಾನು. ಆ ಪಾಪವನ್ನು ಅತ್ತೆಯ ತಲೆಗೆ ಕಟ್ಟಿದವನೂ ನಾನೇ. ಬಾಗಲಗುಂಟೆಯಲ್ಲಿ ಕ್ಲಿನಿಕ್ ಇಟ್ಟುಕೊಂಡು, ಬೋರ್ಡಿನ ಮೇಲೆ ಹೆಸರಿನ ಹಿಂದೆ ಡಾಕ್ಟರ್ ಎಂದು ಬರೆಸಿಕೊಂಡು, ಇಷ್ಟು ವರ್ಷ ಊರವರ ನಮಸ್ಕಾರ ತೆಗೆದುಕೊಂಡು ಬದುಕಿದ್ದೇನೆ. ನನ್ನನ್ನು ಅಯ್ಯೋ ಪಾಪ ಎನ್ನಬೇಡಿ. ಅಂಥ ಮಾತು ಕೇಳಿದರೆ ನನಗೆ ಮೈ ಉರಿಯುತ್ತದೆ.

ಅದು ಪೀಣ್ಯದ ಫ್ಯಾಕ್ಟರಿಗಳ ಶಿಫ್ಟ್ ಬಿಡುವ ಹೊತ್ತು. ಬೆಂಚಿನ ಮೇಲೆ ಜಾಗವಿಲ್ಲ, ಮೆಟ್ಟಿಲ ಮೇಲೂ ಜನ. ಆ ಜನರ ಮೇಲೆ ನನಗೆ ಆಗ ಎಂಥ ಅಸಡ್ಡೆ ಇತ್ತೆಂದು ಹೇಳಿಬಿಡುತ್ತೇನೆ — ಬಂದವರೆಲ್ಲ 'ಗ್ಯಾಸ್ಟ್ರಿಕ್ ಸಾರ್' ಎನ್ನುವರು, ಎಲ್ಲರಿಗೂ ಒಂದು ಇಂಜೆಕ್ಷನ್ ಬೇಕು, ನಾಳೆ ಡ್ಯೂಟಿಗೆ ಹೋಗಬೇಕು. ನಾನೂ ಮುಖ ನೋಡುವ ಮೊದಲೇ ಚೀಟಿ ಬರೆಯುತ್ತಿದ್ದೆ. ರೋಗಿಯನ್ನು ಮಲಗಿಸಿ ನೋಡುವ ಮಂಚ ಒಂದು ಮೂಲೆಯಲ್ಲಿತ್ತು. ಅದರ ಮೇಲೆ ಕಂಪನಿಯವರು ಕೊಟ್ಟ ಔಷಧಿ ಸ್ಯಾಂಪಲ್ಲುಗಳ ಡಬ್ಬ ಪೇರಿಸಿದ್ದೆ. ಯಾರನ್ನಾದರೂ ಮಲಗಿಸಬೇಕೆಂದರೆ ಅವನ್ನೆಲ್ಲ ಇಳಿಸಬೇಕಿತ್ತು. ಹಾಗಾಗಿ ಯಾರನ್ನೂ ಮಲಗಿಸುತ್ತಿರಲಿಲ್ಲ.

ಗಂಗವ್ವ ಸೊಸೆಯ ರಟ್ಟೆ ಹಿಡಿದುಕೊಂಡು ಬಂದಳು. ಬಾಗಲಕೋಟೆ ಕಡೆಯವರು, ಮಗ ಹನುಮಂತ ತಗಡು ಒತ್ತುವ ಪ್ರೆಸ್ ಶಾಪಿನಲ್ಲಿ ಕೆಲಸಕ್ಕಿದ್ದ. ರೇಣುಕಾ ಸ್ವಲ್ಪ ಮುಂದಕ್ಕೆ ಬಾಗಿ, ಬಲಗೈಯನ್ನು ಹೊಟ್ಟೆಯ ಕೆಳಗೆ ಒತ್ತಿಕೊಂಡು, ಪುಟ್ಟ ಪುಟ್ಟ ಹೆಜ್ಜೆ ಇಡುತ್ತ ನಡೆದು ಬಂದಳು. ಆ ನಡಿಗೆಯೊಂದೇ ಸಾಕಾಗಿತ್ತು.

"ಮುಂಜಾನಿ ಹೊಕ್ಕಳ ಸುತ್ತ ಬ್ಯಾನಿ ಇತ್ರಿ ಸಾಹೇಬ್ರ, ಈಗ ಬಲಕ್ಕ ಕೆಳಗ ಇಳದೈತಿ. ಒಂದ ತುತ್ತ ಉಂಡಿಲ್ರಿ. ವಾಂತಿ ಆತು, ಮೈ ಕಾದೈತಿ," ಎಂದಳು ಗಂಗವ್ವ.

ಹೊಕ್ಕುಳ ಸುತ್ತ ಶುರುವಾಗಿ ಬಲಗಡೆಗೆ ಇಳಿದ ನೋವು, ಆಮೇಲೆ ವಾಂತಿ, ಜ್ವರ, ಹಸಿವಿಲ್ಲ. ಇಷ್ಟು ಕೇಳಿದರೆ ಮೆಡಿಕಲ್ ಕಾಲೇಜಿನ ಹುಡುಗನೂ ಅಪೆಂಡಿಕ್ಸ್ ಎಂದು ಎದ್ದು ನಿಲ್ಲುತ್ತಾನೆ. ಮಲಗಿಸಬೇಕು, ಮೊಣಕಾಲು ಮಡಚಲು ಹೇಳಬೇಕು, ಹೊಟ್ಟೆಯನ್ನು ಮೊದಲು ಕಣ್ಣಿನಿಂದ ನೋಡಬೇಕು — ಉಬ್ಬಿದೆಯೇ, ಉಸಿರಿನ ಜೊತೆ ಆಡುತ್ತಿದೆಯೇ ಎಂದು. ನೋವಿಲ್ಲದ ಕಡೆಯಿಂದ ಮೆಲ್ಲಗೆ ಕೈಯಿಟ್ಟು ಬರಬೇಕು, ಕಣ್ಣು ಮಾತ್ರ ರೋಗಿಯ ಮುಖದ ಮೇಲೆ. ನೋವಿನ ಜಾಗದಲ್ಲಿ ನಿಧಾನವಾಗಿ ಒತ್ತಿ ಥಟ್ಟನೆ ಕೈ ತೆಗೆದಾಗ ಮುಖ ಕಿವುಚಿದರೆ ಕಾಯಿಲೆ ಒಳಪೊರೆಗೆ ಮುಟ್ಟಿದೆ ಎಂದು ಅರ್ಥ. ಎಷ್ಟು ಹೊತ್ತು ಬೇಕು ಇದಕ್ಕೆಲ್ಲ? ಒಂದು ಟೀ ಕುಡಿಯುವಷ್ಟೂ ಬೇಡ! ನಾನು ಕುರ್ಚಿಯಿಂದ ಏಳಲಿಲ್ಲ. ನಿಂತಿದ್ದವಳ ಸೀರೆಯ ಮೇಲಿಂದಲೇ ಸ್ಟೆತಾಸ್ಕೋಪು ಒಂದು ಕ್ಷಣ ತಾಗಿಸಿ, ಗ್ಯಾಸು ಎಂದೆ. ನೋವಿಗೆ ಇಂಜೆಕ್ಷನ್ ಚುಚ್ಚಿದೆ. ಆ ಇಂಜೆಕ್ಷನ್ ನೋವನ್ನು ಮುಚ್ಚಿತು. ನೋವೊಂದೇ ಅವಳ ಪರವಾಗಿ ಕೂಗಿಕೊಳ್ಳುತ್ತಿತ್ತು, ಅದರ ಬಾಯಿಯನ್ನೂ ನಾನೇ ಕಟ್ಟಿದೆ.

ಹೊರಡುವಾಗ ಗಂಗವ್ವ ಹಿಂದಿರುಗಿ ನಿಂತಳು. ಅವರ ಕಡೆ ಹೊಟ್ಟೆನೋವು ಬಂದರೆ ಹೊಕ್ಕುಳಿನ ಬಟ್ಟಿ ಜಾಗ ಬಿಟ್ಟು ಸರಿದಿದೆ ಎನ್ನುತ್ತಾರೆ. ಎಣ್ಣೆ ಹಚ್ಚಿ ತಿಕ್ಕಿ ಅದನ್ನು ಜಾಗಕ್ಕೆ ತರುತ್ತಾರೆ. ಪಾಪ, ತಾನಾಗಿಯೇ ಮಾಡಬಾರದು, ಡಾಕ್ಟರನ್ನು ಕೇಳಿಯೇ ಮಾಡಬೇಕು ಎಂದು ಅವಳಿಗೆ ಅನ್ನಿಸಿತ್ತು.

"ಬಟ್ಟಿ ಸರದಿರಬೇಕು ಅನಸ್ತೈತ್ರಿ. ಎಣ್ಣಿ ಹಚ್ಚಿ ತಿಕ್ಕಲೇನ್ರಿ?"

"ತಿಕ್ಕಮ್ಮ, ಚೆನ್ನಾಗಿ ತಿಕ್ಕು! ನನಗಿಂತ ನೀನೇ ದೊಡ್ಡ ಡಾಕ್ಟ್ರು ಅಲ್ವಾ? ನೆಕ್ಸ್ಟ್ ಯಾರು, ಬನ್ರಿ!"

ಬೆಂಚಿನ ಮೇಲಿದ್ದ ಕೆಲವರು ನಕ್ಕರು. ನಾನೂ ನಕ್ಕೆ. ಅವಳಿಗೆ ಅದು ಕುಹಕವೆಂದು ತಿಳಿಯಲಿಲ್ಲ. ಡಾಕ್ಟರು ಹೂಂ ಎಂದರು ಎಂದುಕೊಂಡು, ತಲೆಯಾಡಿಸಿ ಹೋದಳು. ಹೋಗಿ ತಿಕ್ಕಿದಳು.

ಮಾರನೆಯ ದಿನ ರೇಣುಕಾಳ ಹೊಟ್ಟೆ ಹಲಗೆಯ ಹಾಗೆ ಗಟ್ಟಿಯಾಯಿತು. ಆಮೇಲೆ ದೊಡ್ಡ ಆಸ್ಪತ್ರೆಗೆ ಸಾಗಿಸಿದರು. ಅಪೆಂಡಿಕ್ಸ್ ಒಡೆದು ಒಳಗೆಲ್ಲ ಕೀವು. ಆಪರೇಷನ್ ಮಾಡಿದರೂ ಉಳಿಯಲಿಲ್ಲ. ಹಾಲು ಬಿಡಿಸಿ ಇನ್ನೂ ಹೆಚ್ಚು ದಿನವಾಗದ ಒಂದು ಹೆಣ್ಣುಕೂಸು ಇತ್ತು, ಭಾಗ್ಯ ಅಂತ.

ಹನುಮಂತ ಫೋನ್ ಮಾಡಿ ಕರೆದ. ಹೋದೆ. ಹೋಗದಿದ್ದರೆ ಕ್ಲಿನಿಕ್ಕಿಗೇ ಬರುತ್ತಾರೆಂಬ ಭಯ. ವಾರ್ಡಿನ ಹೊರಗೆ ಅವರ ಊರಿನ ಜನ ಗುಂಪುಗೂಡಿದ್ದರು, ಕಣ್ಣು ಕೆಂಪಾಗಿದ್ದವು. "ಏನ್ ನೋಡಿದಿಯೋ ನೀ? ಏನ್ ನೋಡಿ ಮನಿಗೆ ಕಳಿಸಿದಿ?" ಎಂದು ಒಬ್ಬ ನನ್ನ ಎದೆಗೆ ಬೆರಳು ಚುಚ್ಚಿದ. ಗಂಗವ್ವ ಗೋಡೆಗೆ ಒರಗಿ ನೆಲದ ಮೇಲೆ ಕೂತಿದ್ದಳು. ನಾನು ಅವಳ ಕಡೆ ಕೈ ತೋರಿಸಿದೆ —

"ಕಡಿಮೆ ಆಗ್ದಿದ್ರೆ ಸ್ಕ್ಯಾನ್ ಮಾಡಿಸಿ ಅಂತ ನಾನು ಹೇಳಿದ್ದೆ. ಈ ಅಜ್ಜಿ ಮನೇಲಿ ತಿಕ್ಕಿ ತಿಕ್ಕಿ ಒಳಗಡೆ ಒಡೆಸಿಬಿಟ್ಟಿದ್ದಾರೆ ಕಣ್ರೀ!"

ಸ್ಕ್ಯಾನಿನ ಮಾತನ್ನು ನಾನು ಹೇಳಿಯೇ ಇರಲಿಲ್ಲ. ತಿಕ್ಕಿದ್ದು ಒಳ್ಳೆಯದಲ್ಲ, ಕೆಡುಕೇ ಮಾಡಿರಬಹುದು, ಆದರೆ ತಿಕ್ಕು ಎಂದ ಬಾಯಿ ಯಾವುದು? ಗಂಗವ್ವ ತಲೆಯೆತ್ತಿ ನನ್ನನ್ನು ನೋಡಿದಳು. ನೀವೇ ಹೇಳಿದಿರಲ್ಲ ಎನ್ನುತ್ತಾಳೆ, ಈಗ ಎನ್ನುತ್ತಾಳೆ ಎಂದು ನಾನು ಕಾದೆ. ಅವಳು ತಲೆ ತಗ್ಗಿಸಿ ತನ್ನ ಅಂಗೈಗಳನ್ನೇ ನೋಡಿಕೊಂಡಳು. ಎದೆಗೆ ಚುಚ್ಚಿದ್ದ ಬೆರಳು ಹಿಂದೆ ಸರಿಯಿತು. ಹನುಮಂತ ತಾಯಿಯ ಕಡೆ ತಿರುಗಿದ. ನಾನು ಆ ಕ್ಷಣದಲ್ಲಿ — ಹೇಗೆ ಹೇಳಲಿ — ಹಗುರಾದೆ. ಛೀ!

ಮಣ್ಣು ಮುಗಿಸಿ ಬಂದ ಮೇಲೆ ಹನುಮಂತ ತಾಯಿಯನ್ನು ಮನೆಯೊಳಗೆ ಸೇರಿಸಲಿಲ್ಲ. ಅವಳು ಊರಿಗೂ ಹೋಗಲಿಲ್ಲ. ಮೊಮ್ಮಗಳು ಕಣ್ಣಿಗೆ ಬೀಳುವಷ್ಟು ಹತ್ತಿರದಲ್ಲಿ, ಎರಡು ಬೀದಿ ಆಚೆ ಒಂದು ಶೀಟಿನ ಕೋಣೆ ಹಿಡಿದು, ಜೋಳದ ರೊಟ್ಟಿ ಬಡಿದು ಮಾರುತ್ತ ಉಳಿದಳು. ಆ ಬೀದಿಯಲ್ಲಿ ನಾನು ಬೈಕ್ ಓಡಿಸುವುದನ್ನೇ ಬಿಟ್ಟೆ. ಮಂಚದ ಮೇಲಿನ ಡಬ್ಬಗಳನ್ನು ಇಳಿಸಿದೆ. ಆಮೇಲಿನಿಂದ ಹೊಟ್ಟೆನೋವೆಂದು ಬಂದ ಯಾರನ್ನೂ ಕೈಯಿಟ್ಟು ನೋಡದೆ ಕಳಿಸಿಲ್ಲ. ಇದನ್ನು ನನ್ನ ಪುಣ್ಯದ ಲೆಕ್ಕಕ್ಕೆ ಬರೆದುಕೊಳ್ಳಬೇಡಿ. ಸತ್ತವಳಿಗೆ ಅದರಿಂದ ಬಂದದ್ದೇನು? ರೊಟ್ಟಿ ಬಡಿಯುವವಳಿಗೆ ಬಂದದ್ದೇನು?

ಮೊನ್ನೆ ಹನುಮಂತ ಮಗಳನ್ನು ಕರೆದುಕೊಂಡು ಬಂದ. ನನ್ನ ಹತ್ತಿರವೇ ಬಂದ, ಏಕೆಂದರೆ ಅಂದು ಸತ್ಯ ಹೇಳಿದವನು ನಾನೊಬ್ಬನೇ ಎಂಬ ನಂಬಿಕೆ ಅವನದು! ಭಾಗ್ಯ ಈಗ ಶಾಲೆಗೆ ಹೋಗುವ ಹುಡುಗಿ. ಹೊಟ್ಟೆನೋವಂತೆ. ಮಂಚದ ಮೇಲೆ ಮಲಗಿಸಿ, ಅಂಗೈ ಬಿಸಿ ಮಾಡಿಕೊಂಡು ಹತ್ತಿರ ತಂದೆ. ಹುಡುಗಿ ಎರಡೂ ಕೈಯಿಂದ ಹೊಟ್ಟೆ ಮುಚ್ಚಿಕೊಂಡು ಕಿರುಚಿದಳು:

"ಮುಟ್ಟಬ್ಯಾಡ್ರಿ! ಹೊಟ್ಟಿ ತಿಕ್ಕಿದ್ರ ಸಾಯ್ತಾರ. ನಮ್ಮಜ್ಜಿ ನಮ್ಮವ್ವನ್ನ ಹಂಗ ಕೊಂದಾಳ!"

ನಾನು ಹೇಳಿದ ಸುಳ್ಳನ್ನು ಈ ಮಗು ಪಾಠದ ಹಾಗೆ ಬಾಯಿಪಾಠ ಮಾಡಿಕೊಂಡಿತ್ತು. ಹೇಗೋ ಸಮಾಧಾನ ಮಾಡಿ ನೋಡಿದೆ. ಹೊಟ್ಟೆ ಮೆತ್ತಗಿತ್ತು, ಸರಿಯಾಗಿ ಮಲವಿಸರ್ಜನೆಯಾಗದೆ ಬಂದ ನೋವು. ಹನುಮಂತ ಕೈ ಮುಗಿದು ಹೋದ. ನನಗೆ ಅವನ ಮುಗಿದ ಕೈಯನ್ನು ನೋಡಲಾಗಲಿಲ್ಲ.

ಮರುದಿನ ಬೆಳಿಗ್ಗೆ ಗಂಗವ್ವನ ಕೋಣೆಗೆ ಹೋದೆ. ತಪ್ಪಾಯಿತು ಎಂದೆ. ಅವಳು ಹಿಟ್ಟು ನಾದುವುದನ್ನು ನಿಲ್ಲಿಸಲಿಲ್ಲ.

"ಅವತ್ತು ಯಾಕೆ ಸುಮ್ನಿದ್ರಿ ಅಮ್ಮ?" ಎಂದು ಕೇಳಿದೆ. ಎಂಥ ನಾಚಿಕೆಗೆಟ್ಟ ಪ್ರಶ್ನೆ!

"ಡಾಕ್ಟರ್ ಮಾತ ಬಿಟ್ಟು ನನ್ನ ಮಾತ ಯಾರ್ ನಂಬ್ತಿದ್ರೋ? ಮತ್ತ… ನಾನೂ ನಂಬಿದ್ನಿ. ನನ್ನ ಕೈಯಿಂದನ ಹ್ವಾದ್ಳು ಅಂತ ನಾನೂ ನಂಬಿದ್ನಿ." ಆಮೇಲೆ ಮುಖವೆತ್ತಿದಳು, ಆ ಕಣ್ಣುಗಳಲ್ಲಿ ಇದ್ದದ್ದು ಬರೀ ಸಿಟ್ಟು. "ಇಲ್ಲಿ ನಾಲ್ಕ ಗ್ವಾಡಿ ನಡುವ ಬಂದು ಹೇಳ್ತಿ ಏನ? ಅಂದಾಗ ಎಲ್ಲಾರ ಮುಂದ ಅಂದಿದ್ದಿ. ಎಲ್ಲಾರ ಮುಂದ ಹೇಳು. ನನ್ನ ಮಗ ಇರಬೇಕು, ಕೂಸು ಇರಬೇಕು."

ನಿನ್ನೆ ಸಂಜೆ, ಶಿಫ್ಟ್ ಬಿಟ್ಟ ಹೊತ್ತಿನಲ್ಲೇ, ಜನ ತುಂಬಿದ ಕ್ಲಿನಿಕ್ಕಿನಲ್ಲಿ ಹೇಳಿದೆ. ಹನುಮಂತನನ್ನೂ ಮಗಳನ್ನೂ ಕರೆಸಿದ್ದೆ. ಗಂಗವ್ವ ಬಾಗಿಲ ಪಕ್ಕದಲ್ಲಿ ನಿಂತಿದ್ದಳು. ಮುಟ್ಟಿ ನೋಡಲಿಲ್ಲ, ಗ್ಯಾಸು ಎಂದೆ, ತಿಕ್ಕು ಎಂದೆ, ಸ್ಕ್ಯಾನ್ ಎಂದದ್ದು ಸುಳ್ಳು — ಎಲ್ಲ ಹೇಳಿದೆ. ಹೇಳಿದ್ದು ಮುಂದಿನ ಬೆಂಚಿಗಷ್ಟೇ ಕೇಳುವ ಹಾಗೆ. ಹನುಮಂತ ಎದ್ದು ಬಂದು ನನ್ನ ಕಪಾಳಕ್ಕೆ ಹೊಡೆದ. ಯಾರೂ ಬಿಡಿಸಲು ಬರಲಿಲ್ಲ, ಬರಬೇಕಾಗಿಯೂ ಇರಲಿಲ್ಲ. ಆಮೇಲೆ ಅವನು "ಅವ್ವಾ" ಎಂದು ಬಾಗಿಲ ಕಡೆ ತಿರುಗಿದ.

ಅವಳು ಮಗನ ಕಡೆ ನೋಡಲಿಲ್ಲ. ಮೆಟ್ಟಿಲ ಮೇಲೆ ಕಿಕ್ಕಿರಿದಿದ್ದ ಜನರನ್ನು ನೋಡಿದಳು, ಅಪ್ಪನ ಅಂಗಿ ಹಿಡಿದು ನಿಂತ ಮೊಮ್ಮಗಳನ್ನು ನೋಡಿದಳು, ನಂತರ ನನ್ನನ್ನು.

"ಇನ್ನೊಮ್ಮೆ ಹೇಳು," ಎಂದಳು. "ಹಿಂದ ನಿಂತೋರಿಗೆ ಕೇಳಿಸಿಲ್ಲ."

ಮತ್ತೆ ಮೊದಲಿನಿಂದ ಹೇಳಿದೆ.