ಹೆಸರುಗಳ ಮೇಲಿನ ದಾರಿ

ರಮಾಮಣಿಗೆ ಯಾವುದರ ಮೇಲೂ ಗೌರವವಿಲ್ಲ. ನ್ಯೂಯಾರ್ಕಿಗೆ ಹತ್ತಿರದ ಮಾನ್ಮತ್ ಜಂಕ್ಷನ್ ಎಂಬ ಊರಿನಲ್ಲಿ ಅವಳನ್ನು ಬಲ್ಲವರೆಲ್ಲ ಆಡುವ ಮಾತಿದು; ಅಷ್ಟು ವರ್ಷ ಸಂಸಾರ ಮಾಡಿದ ಗಂಡ ಬದರೀನಾಥನಿಗೂ ಇದರಲ್ಲಿ ತಕರಾರಿರಲಿಲ್ಲ. ಸತ್ಯನಾರಾಯಣ ಪೂಜೆಗೆ ಕರೆದರೆ ಸರಿಯಾಗಿ ಊಟದ ಹೊತ್ತಿಗೆ ಹೋಗುತ್ತಾಳೆ. ಮಾವನವರ ವೈಕುಂಠ ಸಮಾರಾಧನೆ ಮುಗಿದ ಮಾರನೆಯ ದಿನವೇ ಅವರ ಕೋಣೆಗೆ ತನ್ನ ಡ್ರಾಯಿಂಗ್ ಟೇಬಲ್ಲು ಸಾಗಿಸಿದವಳು.

ಮೈಸೂರಿನಲ್ಲಿ ಆರ್ಕಿಟೆಕ್ಚರ್ ಓದಿ ನ್ಯೂಯಾರ್ಕಿನಲ್ಲಿ ಹೆಸರು ಮಾಡಿದ ಅವಳಿಗೆ ನಿವೃತ್ತಿಗೆ ಮುಂಚಿನ ಕೊನೆಯ ಕೆಲಸವಾಗಿ ಸಿಕ್ಕಿದ್ದು, ಪೋಲೆಂಡಿನ ಹಳೆಯದೊಂದು ನಾಜಿ ಶಿಬಿರದಲ್ಲಿ ಸತ್ತವರ ಸ್ಮಾರಕ. ಹೆಸರು ಕೆತ್ತಿದ ಕಲ್ಲುಗಳನ್ನು ಜನ ನಡೆಯುವ ದಾರಿಗೇ ಹಾಸುವುದು ಅವಳ ಯೋಜನೆ.

"ಹೆಸರು ತುಳ್ಕೊಂಡು ಓಡಾಡೋದೇನೆ?" ಎಂದ ಬದರೀನಾಥ.

"ಗೋಡೆ ಎಬ್ಬಿಸಿದ್ರೆ ಕೈದಿಗಳಿದ್ದ ಬ್ಯಾರಕ್ಕುಗಳ ಅಡಿಪಾಯ ಮರೆಯಾಗತ್ತೆ. ಪಕ್ಕದಲ್ಲಿಟ್ರೆ ಹುಲ್ಲು ಮುಚ್ಕೊಳ್ಳತ್ತೆ. ಇನ್ನೆಲ್ಲಿಡ್ಲಿ, ನಿಮ್ಮ ತಲೆ ಮೇಲಾ?"

ಸತ್ತವರ ಕುಟುಂಬಗಳ ಪರವಾಗಿ ಒಪ್ಪಿಗೆ ಕೊಡಬೇಕಾದವರು ಮಿಸೆಸ್ ಲೆವಿನ್. ಅವರ ತಂದೆ ಆ ಶಿಬಿರದಲ್ಲೇ ಸತ್ತವರು. ಮನೆಗೆ ಹತ್ತಿರದ ಈಸ್ಟ್ ಬ್ರನ್ಸ್‌ವಿಕ್ಕಿನ ಕಲ್ಲುಕೆಲಸದ ಅಂಗಳದಲ್ಲಿ ಮಾದರಿಗೆಂದು ಹಾಸಿದ್ದ ಕಲ್ಲುಗಳ ಅಂಚಿನಲ್ಲಿ ಆ ಮುದುಕಿ ಊರುಗೋಲು ಹಿಡಿದು ನಿಂತುಬಿಟ್ಟರು. ಅಪ್ಪನ ಹೆಸರಿನ ಮೇಲೆ ಕಾಲಿಡಲಾರೆ ಎಂದರು.

ರಮಾಮಣಿ ಬಿಡಲಿಲ್ಲ. ಗೋಡೆ, ಅಡಿಪಾಯ, ಹುಲ್ಲು ಎಲ್ಲವನ್ನೂ ಮುಂದಿಟ್ಟು ವಾದಿಸಿದಳು. ಕೊನೆಗೆ ಮುದುಕಿ, "ನೀವು ಬಲ್ಲವರು, ಹಾಗೇ ಆಗಲಿ" ಎಂದು ಕಾರಿನತ್ತ ನಡೆದರು.

"ಅಂತೂ ಗೆದ್ದೆ ನೀನು," ಎಂದ, ಜೊತೆಗೆ ಬಂದಿದ್ದ ಬದರೀನಾಥ.

"ಗೆಲ್ಲೋದೇನು ಬಂತು? ಕೆಲಸ ಆಯ್ತು. ಟೇಪ್ ಎಲ್ಲಿಟ್ರಿ?"

ಅಳತೆಯ ಟೇಪು ಕಲ್ಲುಹಾಸಿನ ಆಚೆ ತುದಿಯಲ್ಲಿತ್ತು. ರಮಾಮಣಿ ಕಲ್ಲುಗಳ ಮೇಲೆಯೇ ನೇರ ನಡೆದಳು. ಬೂಟು ಒಂದು ಹೆಸರಿಗೆ ತಾಗಿತು. ತಾಗಿದ್ದೇ ತಡ, ಪಠ್ಯಪುಸ್ತಕಕ್ಕೆ ಕಾಲು ತಗುಲಿಸಿಕೊಂಡ ಶಾಲೆ ಹುಡುಗಿಯ ಹಾಗೆ ಬಗ್ಗಿ, ಅಕ್ಷರಗಳನ್ನು ಮುಟ್ಟಿ ಕಣ್ಣಿಗೊತ್ತಿಕೊಂಡಳು. ಆಮೇಲೆ ತನ್ನ ಕೈಯನ್ನೇ ನೋಡುತ್ತ ನಿಂತಳು, ಅದು ಯಾರದೋ ಎಂಬಂತೆ.

ಹೊರಗೆ ಮಿಸೆಸ್ ಲೆವಿನ್ನರ ಕಾರು ಸ್ಟಾರ್ಟ್ ಆಯಿತು.

"ಹುಲ್ಲು ಕತ್ತರಿಸೋಕೆ ಯಾರನ್ನಾದ್ರೂ ಇಟ್ಕೊಳ್ಳಲಿ," ಎಂದು ಗೊಣಗಿದ ರಮಾಮಣಿ, "ಮಿಸೆಸ್ ಲೆವಿನ್!" ಎಂದು ಕೂಗುತ್ತ, ಕಲ್ಲುಗಳಿಂದ ಕೆಳಗಿಳಿದು, ಪಕ್ಕದ ಕೆಸರಿನಲ್ಲೇ ಗೇಟಿನತ್ತ ಓಡಿದಳು.