ನಮ್ಮವರು ಆರಿಸಿದ ಸಿ.ಡಿ. ಪ್ಲೇಯರ್

ನಮ್ಮ ಮನೆಯಲ್ಲಿ ಫ್ಯೂಸ್ ಹೋದರೆ ತಂತಿ ಹಾಕುವವಳು ನಾನು, ಟಾರ್ಚ್ ಹಿಡಿಯುವವರು ನಮ್ಮವರು. ಇದನ್ನು ಇಷ್ಟು ವರ್ಷ ಚಾಮರಾಜನಗರದಲ್ಲಿ ಯಾರ ಹತ್ತಿರವೂ ಬಾಯಿ ಬಿಟ್ಟಿಲ್ಲ. ದೀಪ ಹತ್ತಿಕೊಂಡ ಮೇಲೆ ಪಕ್ಕದ ಮನೆಯವರು ಕಾಂಪೌಂಡಿನ ಆಚೆಯಿಂದ "ಸಾರ್ ಸರಿ ಮಾಡಿದ್ರಾ?" ಎಂದು ಕೇಳುತ್ತಾರೆ. "ಹೂಂ, ಮಾಡಿದ್ರು" ಎನ್ನುತ್ತೇನೆ. ಸುಳ್ಳು ಹೇಳಬಾರದು ಎಂದು ಸರ್ಕಾರಿ ಹೈಸ್ಕೂಲಿನ ಮಕ್ಕಳಿಗೆ ಆಯುಷ್ಯವಿಡೀ ಹೇಳಿದ ವಿಜ್ಞಾನದ ಟೀಚರು ನಾನು. ನಮ್ಮವರು, ಗುರುಸ್ವಾಮಿ, ರೇಷ್ಮೆ ಇಲಾಖೆಯಿಂದ ನಿವೃತ್ತರಾದವರು. ಹುಳುವಿಗೆ ರೋಗ ಬರುವ ಎರಡು ದಿನ ಮೊದಲೇ ಅದರ ಮುಖ ನೋಡಿ ಹೇಳಬಲ್ಲರು. ಪ್ಲಗ್ಗಿಗೆ ಮೂರು ಕಾಲು ಯಾಕಿರುತ್ತವೆ ಎಂಬುದು ಮಾತ್ರ ಅವರಿಗೆ ಇವತ್ತಿಗೂ ಬ್ರಹ್ಮವಿದ್ಯೆ.

ಇದರಲ್ಲಿ ಅವರ ತಪ್ಪೇನೂ ಇಲ್ಲ. "ಯಜಮಾನ" ಎಂಬ ಪದದಲ್ಲೇ ಎಲ್ಲ ಇದೆ. ಯಜಮಾನ ಎಂದರೆ ಯಜ್ಞ ಮಾಡಿಸುವವನು. ಸೌದೆ ಒಟ್ಟುವವರು ಬೇರೆ, ಮಂತ್ರ ಹೇಳುವವರು ಬೇರೆ, ಹೊಗೆಗೆ ಕಣ್ಣುಜ್ಜಿಕೊಳ್ಳುತ್ತ ತುಪ್ಪ ಸುರಿಯುವವರು ಬೇರೆ. ಆತ ಪಂಚೆ ಉಟ್ಟು ಕೂತಿದ್ದರೆ ಸಾಕು, ಫಲ ತಾನಾಗಿ ಹುಡುಕಿಕೊಂಡು ಬಂದು ತಲೆಯ ಮೇಲೆ ಕೂರುತ್ತದೆ.

ನನಗೆ ಸಂಗೀತದ ಹುಚ್ಚು. ಮೈಸೂರಿಗೆ ಹೋದಾಗಲೆಲ್ಲ ಎರಡೋ ಮೂರೋ ಸಿ.ಡಿ. ತಂದು ತಂದು ಒಂದು ಟ್ರಂಕು ತುಂಬಿತ್ತು. ವೀಣೆ, ನಾಗಸ್ವರ, ನಮ್ಮ ಕಡೆಯ ಕಂಸಾಳೆ ಪದಗಳು. ಮನೆಯಲ್ಲಿ ಹಳೆಯ ಆಂಪ್ಲಿಫೈಯರ್ ಒಂದು, ಅದಕ್ಕೆ ತಕ್ಕ ಎರಡು ಮರದ ಸ್ಪೀಕರ್ ಡಬ್ಬಿ ಇದ್ದವು. ಅದಕ್ಕೆ ಹೊಂದಿಸಿದ್ದ ಕ್ಯಾಸೆಟ್ ಯಂತ್ರ ಸತ್ತಿತ್ತು. ಟಿ.ವಿ.ಯ ಕೆಳಗಿದ್ದ, ಟಿ.ವಿ.ಗೆ ಬಿಟ್ಟು ಬೇರೆಲ್ಲೂ ವೈರು ಹೋಗದ ಡಿ.ವಿ.ಡಿ. ಪ್ಲೇಯರಿನಲ್ಲಿ ಹಾಕಿದರೆ ಟಿ.ವಿ.ಯ ಪುಟ್ಟ ಬಾಯಿಂದ ಬರುವ ನಾಗಸ್ವರ, ಸೊಳ್ಳೆಗೆ ಮದುವೆಯಾದ ಹಾಗೆ ಕೇಳುತ್ತಿತ್ತು. ನಿವೃತ್ತಿಯಾದ ಮೇಲೆ, ಒಳ್ಳೆಯ ಸಿ.ಡಿ. ಪ್ಲೇಯರ್ ಕೊಂಡು ಆಂಪ್ಲಿಫೈಯರಿಗೆ ಜೋಡಿಸಿಯೇ ಬಿಡಬೇಕೆಂದು ತೀರ್ಮಾನ ಮಾಡಿದೆ. ಕಾಲ ಬದಲಾಗಿದೆ ಎಂದು ಎಲ್ಲರೂ ಬುದ್ಧಿ ಹೇಳಿದರು. ಹಾಡೆಲ್ಲ ಫೋನಿನಲ್ಲೇ ಬರುತ್ತಂತೆ. ನಮ್ಮ ರಾಜ್ಯದಲ್ಲಿ ಈಗ ಸಿ.ಡಿ. ಎಂದರೆ ಜನಕ್ಕೆ ರಾಜಕಾರಣಿಗಳು ನೆನಪಾಗುತ್ತಾರೆಯೇ ಹೊರತು ಸಂಗೀತವಲ್ಲ.

ಇದು ಗೊತ್ತಾಗಿದ್ದು ನಮ್ಮೂರಿನ ಅಂಗಡಿಯಲ್ಲಿ. "ಸಿ.ಡಿ. ಪ್ಲೇಯರ್ ಇದೆಯಾ?" ಎಂದು ನಾನು ಕೇಳಿದೆ. ಅಂಗಡಿಯವರು ನಮ್ಮವರ ಕಡೆ ಬಾಗಿ ದನಿ ತಗ್ಗಿಸಿ, "ಯಾವ ಸಿ.ಡಿ. ಸಾರ್?" ಎಂದರು. ವೀಣೆಯದು ಎಂದೆ. ಅವರಿಗೆ ಕೊಂಚ ನಿರಾಸೆಯಾದಂತೆ ಕಂಡಿತು. ಮಿಣಮಿಣ ಮಿನುಗುವ ಡಬ್ಬವೊಂದನ್ನು ಎತ್ತಿ ತಂದು ನಮ್ಮವರ ಮುಂದಿಟ್ಟು, "ಬ್ಲೂಟೂತು, ಪೆನ್ ಡ್ರೈವು, ಎಫ್ಫೆಮ್ಮು ಎಲ್ಲಾ ಇದೆ ಸಾರ್" ಎಂದರು. "ಹಿಂದುಗಡೆ ಆಂಪ್ಲಿಫೈಯರಿಗೆ ವೈರು ಕೊಡೋಕೆ ಲೈನ್ ಔಟ್ ಇದೆಯಾ?" ಎಂದು ನಾನು ಕೇಳಿದೆ. "ಇದೆ ಸಾರ್," ಎಂದು ನಮ್ಮವರಿಗೆ ಉತ್ತರ ಕೊಟ್ಟರು. ತಿರುಗಿಸಿ ನೋಡಿದರೆ ಇರಲಿಲ್ಲ. "ಮೇಡಮ್ಮೋರಿಗೆ ಕುರ್ಚಿ ಹಾಕೋ" ಎಂದು ಒಳಗೆ ಕೂಗಿದರು. ನಾನು ಕೂತ ಮೇಲೆ, ಹೊತ್ತು ಹೋಗಲೆಂದು ಮಿಕ್ಸಿಗಳ ಬಣ್ಣದ ಪಟ್ಟಿಯೊಂದನ್ನು ನನ್ನ ಕೈಗೆ ಕೊಟ್ಟರು.

ಯಾರೋ ಗುಂಡ್ಲುಪೇಟೆಯ ಫಯಾಜ್ ಅವರ ಹೆಸರು ಹೇಳಿದರು. ರೇಡಿಯೋ ರಿಪೇರಿಯವರು. ಗಲ್ಫಿನಿಂದ ಹಿಂತಿರುಗಿದ ವಯನಾಡಿನವರು ಹಳೆಯ ಸಂಗೀತದ ಯಂತ್ರಗಳನ್ನು ತಂದು ಅವರಿಗೇ ಮಾರುತ್ತಾರಂತೆ. ಒಂದು ಬೆಳಿಗ್ಗೆ ಬಸ್ಸು ಹತ್ತಿದೆವು. ಈರುಳ್ಳಿ ಲಾರಿಗಳ ಸಾಲು ದಾಟಿ ಅವರ ಅಂಗಡಿ ಹೊಕ್ಕರೆ ಗೋಡೆ ತುಂಬ ಯಂತ್ರಗಳು. ಬೆಳ್ಳಗೆ ಗಡ್ಡ ಬಿಟ್ಟ, ಬಹಳ ಮರ್ಯಾದಸ್ಥ ಮನುಷ್ಯ. ಮರ್ಯಾದೆ ಎಷ್ಟೆಂದರೆ, ಪರಸ್ತ್ರೀಯ ಮುಖ ನೋಡಿ ಮಾತಾಡುವವರಲ್ಲ.

"ಇದರಲ್ಲಿ ಸಿ.ಡಿ.ಯ ಕೊನೇ ಹಾಡು ತಡೆಯದೆ ಓಡುತ್ತಾ?" ಎಂದು ಕೇಳಿದೆ.

"ಅಮ್ಮಾವ್ರು ಏನ್ ಕೇಳ್ತಾವ್ರೆ ಸಾ?" ಎಂದರು ಫಯಾಜ್, ನಮ್ಮವರನ್ನು ನೋಡಿ.

"ಕೊನೇ ಹಾಡು ಓಡುತ್ತಾ ಅಂತ," ಎಂದರು ನಮ್ಮವರು, ಕನ್ನಡದಿಂದ ಕನ್ನಡಕ್ಕೆ.

ಫಯಾಜ್ ಅವರ ಮುಖ ಅರಳಿತು. "ಭಾರಿ ತಿಳ್ಕಂಡಿದೀರ ಸಾ! ಯಾರೂ ಕೇಳಲ್ಲ ಇದ್ನ."

ಸಿ.ಡಿ. ಓದುವುದು ಒಳಗಿನಿಂದ ಹೊರಕ್ಕೆ. ಒಳಗಿನ ಬೆಳಕಿನ ಕಣ್ಣಿಗೆ ವಯಸ್ಸಾಗಿದ್ದರೆ ಹೊರ ಅಂಚಿಗೆ ಬರುವಷ್ಟರಲ್ಲಿ ತಡವರಿಸುತ್ತದೆ. ಅದಕ್ಕೇ ನಾನು ಉದ್ದನೆಯ ಸಿ.ಡಿ. ಒಂದನ್ನು ಚೀಲದಲ್ಲಿ ಹಾಕಿಕೊಂಡು ಹೋಗಿದ್ದೆ. ಒಂದೊಂದೇ ಯಂತ್ರದಲ್ಲಿ ಕೊನೆಯ ಹಾಡು ಹಾಕಿಸಿದೆ. ಒಂದು ಬಿಕ್ಕಳಿಸಿತು. ಇನ್ನೊಂದರ ಬಾಯಿ ತೆರೆದಿದ್ದು ಮತ್ತೆ ಮುಚ್ಚಲಿಲ್ಲ. ನಮ್ಮವರಿಗೆ ಮನಸ್ಸಾಗಿದ್ದು ಹಸಿರು ಕೆಂಪು ದೀಪಗಳು ಕುಣಿಯುವ ಒಂದರ ಮೇಲೆ. ನಾನು ಒಪ್ಪಿದ್ದು ದೀಪವೇ ಇಲ್ಲದ, ಎತ್ತಿದರೆ ಒರಳಿನ ಹಾಗೆ ಭಾರವಿದ್ದ, ಕೊನೆಯ ಹಾಡನ್ನು ಉಸಿರು ಕಟ್ಟದೆ ಹಾಡಿದ ಒಂದು ಕರಿಯ ಪೆಟ್ಟಿಗೆ. ಅದನ್ನು ರಟ್ಟಿನ ಡಬ್ಬಕ್ಕೆ ಹಾಕಿ ದಾರ ಕಟ್ಟುತ್ತ ಫಯಾಜ್, "ಸೆಲೆಕ್ಸನ್ ಅಂದ್ರೆ ಇದು ಸಾ," ಎಂದರು. ನಮ್ಮವರು "ಏನೋ, ನಿಮ್ಮ ಅಭಿಮಾನ," ಎಂದುಬಿಟ್ಟರು.

ವಾಪಸಾಗುವಾಗ ಬಸ್ಸು ತೆರಕಣಾಂಬಿ ದಾಟಿದ ಮೇಲೆ ನನ್ನ ಕಡೆ ತಿರುಗಿದರು. "ಅಂತೂ ಒಳ್ಳೇದನ್ನೇ ಆರಿಸಿದ್ವಿ, ಅಲ್ವೇನೇ?" ಆ "ದ್ವಿ" ಎಂಬ ಬಹುವಚನಕ್ಕೆ ಆಯುಷ್ಯ ಕಡಿಮೆ ಎಂದು ನನಗೆ ಆಗಲೇ ಗೊತ್ತಾಯಿತು.

ಮನೆಗೆ ಬಂದು, ನಾನು ಕಾಫಿಗೆ ಇಡುವಷ್ಟರಲ್ಲಿ ಅವರೇ ಉತ್ಸಾಹದಿಂದ ಜೋಡಿಸಿಬಿಟ್ಟಿದ್ದರು. ವೀಣೆಯ ಸಿ.ಡಿ. ಹಾಕಿದ್ದರು. ಬಂದಿದ್ದು ಮಾತ್ರ ಲೋಡು ತುಂಬಿದ ಲಾರಿ ಘಾಟಿ ಹತ್ತುವ ಸದ್ದು. ಆಂಪ್ಲಿಫೈಯರಿನ ಹಿಂದೆ ಸಾಲಾಗಿ ತೂತುಗಳಿರುತ್ತವೆ. "ಫೋನೋ ಅಂದರೆ ಧ್ವನಿ ತಾನೇ?" ಎಂದು ಅವರು ಪದದ ಮೂಲ ವಿಚಾರಿಸಿ, ವೈರನ್ನು ಫೋನೋ ಎಂದು ಬರೆದಿದ್ದಲ್ಲಿಗೆ ಚುಚ್ಚಿದ್ದರು. ಅದು ಗ್ರಾಮಫೋನ್ ತಟ್ಟೆಯ ಮುಳ್ಳಿಗೆಂದು ಮಾಡಿದ ದಾರಿ. ಮುಳ್ಳಿನ ದನಿ ಕ್ಷೀಣ, ಅದಕ್ಕೇ ಆ ದಾರಿಯಲ್ಲಿ ಬಂದದ್ದನ್ನೆಲ್ಲ ಆಂಪ್ಲಿಫೈಯರ್ ಬಹಳಷ್ಟು ಹಿಗ್ಗಿಸುತ್ತದೆ. ಸಿ.ಡಿ. ಪ್ಲೇಯರಿನ ದನಿ ಮೊದಲೇ ಗಟ್ಟಿ, ಅದನ್ನೂ ಹಿಗ್ಗಿಸಿದರೆ ಕಿರುಚಾಟ. ಅದಕ್ಕೆ "ಆಕ್ಸ್" ಎಂಬ ತೂತು ಬೇರೆ ಇದೆ. ಕೆಂಪು ಬಲಕ್ಕೆ, ಬಿಳಿ ಎಡಕ್ಕೆ. ಆಂಪ್ಲಿಫೈಯರ್ ಬಿಸಿಯಾಗುತ್ತದೆ, ಹಾಗಾಗಿ ಪ್ಲೇಯರನ್ನು ಅದರ ನೆತ್ತಿಯ ಮೇಲೆ ಇಡಬಾರದು. ಇಷ್ಟನ್ನೂ ಹೇಳುತ್ತ ಜೋಡಿಸಿದೆ. ಸ್ಪೀಕರುಗಳ ಹಿಂದೆಯೂ ನೋಡಿದೆ. ಒಂದರಲ್ಲಿ ಕೆಂಪು ಕರಿ ಅದಲು ಬದಲಾಗಿತ್ತು. ಹಾಗಾದರೆ ಒಂದು ಡಬ್ಬಿ ತಳ್ಳುವಾಗ ಇನ್ನೊಂದು ಎಳೆಯುತ್ತದೆ. ಗಂಡ ಹೆಂಡತಿ ಮಂಚವನ್ನು ತಮ್ಮ ತಮ್ಮ ಕಡೆಗೇ ಎಳೆದಂತೆ ದಪ್ಪ ಸದ್ದೆಲ್ಲ ನಡುವೆ ಸತ್ತುಹೋಗುತ್ತದೆ. ಸರಿಪಡಿಸಿ ಗುಂಡಿ ಒತ್ತಿದೆ.

ವೀಣೆ ನಮ್ಮ ಹಜಾರದ ನಡುವೆ ಬಂದು ಕೂತಿತು. ತಂತಿಯ ಮೇಲೆ ಬೆರಳು ಜಾರುವುದು ಕೂಡ ಕೇಳುತ್ತಿತ್ತು. ಕಾಫಿ ಆರಿಹೋಯಿತು. ಇಬ್ಬರೂ ಬಹಳ ಹೊತ್ತು ಮಾತಾಡಲಿಲ್ಲ.

ಆಮೇಲೆ ಮಾತಾಡಿದವರು ಅವರೊಬ್ಬರೇ. ಬೆಳಗಿನ ವಾಕಿಂಗಿನ ಗೆಳೆಯರು ಒಬ್ಬೊಬ್ಬರಾಗಿ ಬಂದು ಕೇಳಿಸಿಕೊಂಡು ಹೋದರು. "ತುಂಬ ಜನ ಫೋನೋಗೆ ಹಾಕಿಬಿಡ್ತಾರೆ, ಏನೂ ತಿಳಿಯಲ್ಲ ಪಾಪ," ಎಂದು ನಮ್ಮವರು ಅವರಿಗೆ ವಿವರಿಸುವುದು ಅಡುಗೆಮನೆಯಲ್ಲಿದ್ದ ನನಗೆ ಕೇಳುತ್ತಿತ್ತು. ನನ್ನ ವಾಕ್ಯಗಳೇ, ಮಂಚದ ಹೋಲಿಕೆಯೂ ಸೇರಿ. ಮೊದಮೊದಲು ನಗು ಬಂತು. ಒಂದು ದಿನ ಬಂದವರ ಮುಂದೆ ನಾನು ಸಿ.ಡಿ. ಹಾಕಲು ಹೋದಾಗ, "ನಿಧಾನ, ಅದು ನಾಜೂಕಿನ ಯಂತ್ರ," ಎಂದರು. ಆವತ್ತು ನಗು ಬರಲಿಲ್ಲ. ಅವರ ಉಪ್ಪಿಟ್ಟಿಗೆ ಉಪ್ಪು ಹಾಕಲಿಲ್ಲ. ಅವರು ಏನೂ ಅನ್ನದೆ ತಿಂದರು, ಅದು ಇನ್ನೂ ಸಿಟ್ಟು ತರಿಸಿತು.

ಕೀರ್ತಿ ತೆರಕಣಾಂಬಿಗೂ ಮುಟ್ಟಿತು. ಅಲ್ಲಿ ನಮ್ಮವರ ಅಕ್ಕನ ಮಗ ಶಿವಮಲ್ಲು ಇದ್ದಾನೆ. ಅವನ ಮಗಳು ಚೈತ್ರಳಿಗೆ ಹನ್ನೆರಡು ವರ್ಷ, ಭರತನಾಟ್ಯ ಕಲಿಯುತ್ತಿದ್ದಳು. ಊರಿನ ಸಮುದಾಯ ಭವನದಲ್ಲಿ ಮೊದಲ ಸಲ ಕುಣಿಯುವವಳಿದ್ದಳು. ಹಾಡು ಅವಳ ಟೀಚರು ತಾವೇ ಹಾಡಿ ಮಾಡಿಸಿದ ಒಂದು ಸಿ.ಡಿ.ಯಲ್ಲಿ ಮಾತ್ರ ಇತ್ತು. "ಮಾವ, ಮೈಕ್‌ಸೆಟ್ನೋರ ತಾವ ಸಿ.ಡಿ. ಹಾಕೋದೇ ಇಲ್ವಂತೆ. ನಿಮ್ದು ತಕ್ಕಂಡ್ ಬಂದು ನೀವೇ ನಿಂತ್ಕಂಡು ಮಾಡ್ಬುಡ್ಬೇಕು," ಎಂದು ಶಿವಮಲ್ಲು ಫೋನ್ ಮಾಡಿದ. "ಅದಕ್ಕೇನಂತೆ," ಎಂದರು ಮಾವ.

"ನಾನೂ ಜೊತೆಗೆ ನಿಲ್ಲಲಾ?" ಎಂದು ಕೇಳಿದೆ.

"ಎಲ್ಲ ಗೊತ್ತಿರೋದೇ ಅಲ್ವೇನೇ. ನೀನು ಆರಾಮಾಗಿ ಮುಂದೆ ಕೂತು ನೋಡು," ಎಂದರು.

ಆರಾಮಾಗಿ ಮೂರನೇ ಸಾಲಿನಲ್ಲಿ ಕೂತೆ. ಚೈತ್ರ ಗೆಜ್ಜೆ ಕಟ್ಟಿ, ಕೈಮುಗಿದು ವೇದಿಕೆಯ ನಡುವೆ ನಿಂತಿದ್ದಳು. ನಮ್ಮವರು ಪ್ಲೇಯರನ್ನು ಟವೆಲಿನಲ್ಲಿ ಸುತ್ತಿ ಮಗುವಿನ ಹಾಗೆ ತಂದಿದ್ದರು. ಕೆಂಪು ಬಿಳಿ ವೈರನ್ನು ಮಾತ್ರ ನಮ್ಮ ಮನೆಯ ಆಂಪ್ಲಿಫೈಯರಿನ ಹಿಂದೆಯೇ ಬಿಟ್ಟು ಬಂದಿದ್ದರು. ಮೈಕ್‌ಸೆಟ್ಟಿನವನು ತನ್ನ ಡಬ್ಬದಿಂದ ಒಂದು ಹಳೆಯ ವೈರು ಹುಡುಕಿ ಕೊಟ್ಟ. ಅದನ್ನು ಪ್ಲೇಯರಿನ ಮುಂದೆ ಹೆಡ್‌ಫೋನಿಗೆಂದು ಇರುವ ತೂತಿಗೆ ಸಿಕ್ಕಿಸಿದರು. ಹಾಡು ಶುರುವಾಯಿತು. ತಾಳದ ಝಣಝಣ ಬಂತು, ಕೊಳಲು ದೂರದಲ್ಲಿ ಎಲ್ಲೋ ಇತ್ತು, ಹಾಡುವವರ ದನಿಯೇ ಇಲ್ಲ! ಚೈತ್ರಳ ಕೈ ಮೇಲೆದ್ದಿದ್ದು ಅಲ್ಲೇ ನಿಂತಿತು. ಅವಳ ಟೀಚರು ಪರದೆಯ ಸಂದಿನಿಂದ ಹಣಕಿ, "ಸಾಹಿತ್ಯ ಎಲ್ಲಿ? ಸಾಹಿತ್ಯ?" ಎಂದು ಬಡಬಡಿಸಿದರು.

ನಮ್ಮವರು ಸೌಂಡ್ ಜಾಸ್ತಿ ಮಾಡಿದರು. ತಾಳ ಜಾಸ್ತಿಯಾಯಿತು. ಕಡಿಮೆ ಮಾಡಿದರು. "ಸಿ.ಡಿ.ನೇ ಸರಿಯಿಲ್ಲ ಕಣ್ಲಾ," ಎಂದ ಮೈಕ್‌ಸೆಟ್ಟಿನವನು ಯಾರಿಗೋ. "ಊದ್ಬುಟ್ಟು ಆಕಿ," ಎಂದರು ಹಿಂದಿನ ಸಾಲಿನಿಂದ. ಊದಿ ಹಾಕಿದರು. ದನಿ ಬರಲಿಲ್ಲ.

ಏನಾಗಿದೆಯೆಂದು ನನಗೆ ಗೊತ್ತಿತ್ತು. ಅಂಥ ವೈರಿನ ಪಿನ್ನಿನಲ್ಲಿ ಮೂರು ತಂತಿಗಳು ಕೂಡುತ್ತವೆ: ಎಡದ ದನಿಗೊಂದು, ಬಲದ ದನಿಗೊಂದು, ಎರಡಕ್ಕೂ ವಾಪಸು ಬರುವ ದಾರಿ ಒಂದು. ಆ ಮೂರನೆಯದು ಕಿತ್ತರೆ ಎಡಬಲಗಳು ಒಂದನ್ನೊಂದು ಕಳೆಯುತ್ತವೆ. ಎರಡರಲ್ಲೂ ಸಮನಾಗಿರುವುದು, ಅಂದರೆ ನಟ್ಟನಡುವೆ ನಿಂತು ಹಾಡುವವರ ದನಿ, ಸೊನ್ನೆಯಾಗಿ, ಅಂಚಿನಲ್ಲಿದ್ದ ಗಲಾಟೆ ಮಾತ್ರ ಉಳಿಯುತ್ತದೆ.

ನಾನು ತಕ್ಷಣ ಏಳಲಿಲ್ಲ. ಒಪ್ಪಿಕೊಳ್ಳುತ್ತೇನೆ, ಅವರ ಬೆವರು ನೋಡುತ್ತ ಅರ್ಧ ನಿಮಿಷ ಸುಖಪಟ್ಟೆ. ಆಮೇಲೆ ಚೈತ್ರಳ ಕಡೆ ನೋಡಿದೆ. ಕಾಡಿಗೆ ಹಚ್ಚಿದ ಕಣ್ಣು ತುಂಬಿಕೊಂಡಿತ್ತು. ಅದು ಸೋರಿದರೆ ಮುಖವೆಲ್ಲ ಕರಿಯಾಗುತ್ತದೆಂದು ಹುಡುಗಿ ರೆಪ್ಪೆ ಬಡಿಯದೆ ನಿಂತಿದ್ದಳು. ನನ್ನ ಸುಖ ಅಲ್ಲಿಗೆ ಮುಗಿಯಿತು. ಎದ್ದು ನಿಂತೆ.

ಅಷ್ಟರಲ್ಲಿ ನಮ್ಮವರು ಮೈಕು ಕೈಗೆತ್ತಿಕೊಂಡರು. "ನೋಡಿ, ನನಗೆ ಇದು ಬರಲ್ಲ. ಇದನ್ನ ಆರಿಸಿದ್ದು ನಮ್ಮ ಸರೋಜ, ಜೋಡಿಸಿದ್ದೂ ಅವಳೇ. ನಾನು ಸುಮ್ನೆ ಹೇಳ್ಕೊಂಡು ತಿರುಗ್ತಿದ್ದೆ. ಸರೋಜಾ, ಸ್ವಲ್ಪ ಬಾರೇ." ಮೈಕಿಗೆ ಯಾವ ದೋಷವೂ ಇರಲಿಲ್ಲ. ಒಂದೊಂದು ಅಕ್ಷರವೂ ಬಸ್ ಸ್ಟ್ಯಾಂಡಿನವರೆಗೆ ಕೇಳಿರಬೇಕು.

ಮೆಟ್ಟಿಲು ಹತ್ತಿದೆ. ಸಭೆ ಏನನ್ನುತ್ತದೋ! ಸಭೆ ಚಪ್ಪಾಳೆ ತಟ್ಟಿತು. ಮುಂದಿನ ಸಾಲಿನ ಹಿರಿಯರೊಬ್ಬರು ಪಕ್ಕದವರಿಗೆ ಹೇಳುತ್ತಿದ್ದರು: "ಎಲ್ಲಾ ತಿಳ್ಕಂಡಿದ್ರೂವೆ ಎಡ್ತಿಗೆ ಬುಟ್ಕೊಡ್ತಾವ್ರೆ ನೋಡಿ. ಎಂಥಾ ದೊಡ್ಡ ಗುಣ!"

ಬೇರೆ ವೈರು ಇರಲಿಲ್ಲ. ಪಿನ್ನಿನ ಬುಡವನ್ನು ಬಾಗಿಸಿ ಹೆಬ್ಬೆರಳಿನಿಂದ ಒತ್ತಿ ಹಿಡಿದೆ. ದನಿ ಬಂತು. ಬಿಟ್ಟರೆ ಹೋಗುತ್ತಿತ್ತು. ಹೀಗಾಗಿ ಹಾಡು ಮುಗಿಯುವವರೆಗೂ ಪರದೆಯ ಮರೆಯಲ್ಲಿ ನೆಲದ ಮೇಲೆ ಕೂತು ಪಿನ್ನು ಹಿಡಿದಿದ್ದೆ. ಹೆಬ್ಬೆರಳು ಜೋಮು ಹಿಡಿದಾಗ ನಮ್ಮವರು ನನ್ನ ಬೆರಳ ಮೇಲೆ ತಮ್ಮದನ್ನು ಒತ್ತಿದರು. "ಹೀಗಾ?" ಎಂದರು. "ಇನ್ನು ಸ್ವಲ್ಪ ಎಡಕ್ಕೆ," ಎಂದೆ. ಅವರು ನನ್ನ ಮುಖ ನೋಡಲಿಲ್ಲ. ಪಿನ್ನು ಮಾತ್ರ ಒಂದಿಷ್ಟೂ ಅಲುಗಿಸಲಿಲ್ಲ. ಕುಣಿತ ಚೆನ್ನಾಗಿತ್ತಂತೆ, ನೋಡಿದವರು ಹೇಳಿದರು.

ಕೊನೆಯಲ್ಲಿ ಸನ್ಮಾನ. ಪಟ್ಟಿ ಮೊದಲೇ ಬರೆದಿಟ್ಟಿದ್ದು. "ಧ್ವನಿ ವ್ಯವಸ್ಥೆ ಮಾಡಿಕೊಟ್ಟ ಶ್ರೀ ಗುರುಸ್ವಾಮಿಯವರು" ಎಂದು ಕೂಗಿದರು. ನಮ್ಮವರು ಅಯ್ಯೋ ಬೇಡ, ಅವಳಿಗೆ ಕೊಡಿ ಎಂದು ಕೈಯಾಡಿಸಿದರೆ, ಅದನ್ನೂ ವಿನಯ ಎಂದೇ ತಿಳಿದು ಇಬ್ಬರು ಹಿಡಿದು ಎಳೆದುಕೊಂಡು ಹೋಗಿ ಶಾಲು ಹೊದಿಸಿದರು.

ನಾನು ಪ್ಲೇಯರನ್ನು ಟವೆಲಿನಲ್ಲಿ ಸುತ್ತುತ್ತಿದ್ದೆ. ಪಕ್ಕದಲ್ಲಿ ಗೆಜ್ಜೆ ಸದ್ದಾಯಿತು. ಚೈತ್ರ ಒಡವೆ ವಸ್ತ್ರ ಸಮೇತ ಕುಕ್ಕರುಗಾಲಲ್ಲಿ ಕೂತು ಮೈಕ್‌ಸೆಟ್ಟಿನವನ ಆಂಪ್ಲಿಫೈಯರಿನ ಹಿಂದೆ ಇಣುಕುತ್ತಿದ್ದಳು. "ಅಜ್ಜಿ, ಟೀಚರ್ ಹಾಡಿದ್ದು ಅಷ್ಟೊತ್ತು ಎಲ್ಲೋಗಿತ್ತು?"

ನಾನು ವೈರು ತೋರಿಸಲು ಬಾಯಿ ತೆರೆಯುವಷ್ಟರಲ್ಲಿ ಅವಳ ಅಜ್ಜಿ, ನಮ್ಮವರ ಅಕ್ಕ, ಬಂದು ಅವಳ ರಟ್ಟೆ ಹಿಡಿದರು. "ಏಳು ಕಣಮ್ಮಿ, ಅದೆಲ್ಲಾ ನಿಂಗ್ಯಾಕೆ? ಅಲ್ಲಿ ಪೋಟ ತಗೀತಾವ್ರೆ."

"ಇರಲಿ ಬಿಡಿ ಅತ್ತಿಗೆ," ಎಂದೆ. ನನ್ನ ದನಿ ನನಗೇ ಹೊಸದಾಗಿ ಕೇಳಿಸಿತು. "ಫೋಟೋ ಆಮೇಲೆ ತೆಗೀಲಿ. ಅವಳು ಏನೋ ಕೇಳ್ತಿದಾಳೆ."

ಆವತ್ತಿನ ದೊಡ್ಡ ಗುಂಪಿನ ಫೋಟೋ ಶಿವಮಲ್ಲುವಿನ ಮನೆಯ ಗೋಡೆಯ ಮೇಲಿದೆ. ಮೈಕ್‌ಸೆಟ್ಟಿನವನಿದ್ದಾನೆ, ದೊಡ್ಡ ಗುಣ ಕಂಡುಹಿಡಿದ ಹಿರಿಯರಿದ್ದಾರೆ, ಶಾಲು ಹೊದ್ದು ಸಂಕೋಚದಿಂದ ಮುದುಡಿದ ನಮ್ಮವರಿದ್ದಾರೆ. ಕುಣಿದವಳು ಮಾತ್ರ ಇಲ್ಲ.